ಎಲೆ ಲೆಕ್ಕ

ಮಗಳ ನಿಶ್ಚಿತಾರ್ಥ ಮುಗಿಸಿ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, “ಅಡಿಗೆಗೆ ಯಾರಿಗೆ ಹೇಳೋದು ರೀ?” ಅಂದಳು ನನ್ನ ಹೆಂಡತಿ. ಛತ್ರ ಸಿಕ್ಕಿರಲಿಲ್ಲ. ಪುರೋಹಿತರು ಪಂಚಾಂಗದಲ್ಲಿ ಮೂರು ದಿನ ಗುರುತು ಹಾಕಿಕೊಟ್ಟು ಒಂದನ್ನು ಆರಿಸಿಕೊಳ್ಳಿ ಎಂದಿದ್ದರು, ಅಷ್ಟೆ. ಆದರೂ ಅವಳ ಆತುರ ನನಗೆ ಅತಿಯೆನಿಸಲಿಲ್ಲ. ಮದುವೆಗೆ ಬಂದವರಲ್ಲಿ ತಾಳಿ ಕಟ್ಟಿದ್ದನ್ನು ಕಣ್ಣಾರೆ ಕಂಡವರು ವಿಡಿಯೋದವನ ಬೆನ್ನು ಅಡ್ಡ ಬಾರದ ನಾಲ್ಕೈದು ಜನ. ಮಂತ್ರ ಕೇಳಿಸಿಕೊಂಡವರು ಪುರೋಹಿತರೊಬ್ಬರೇ. ಊಟ ಮಾತ್ರ ಎಲ್ಲರ ಪಾಲಿಗೂ ಬಂದಿರುತ್ತದೆ, ಎಲ್ಲರ ನಾಲಗೆಯ ಮೇಲೂ ಉಳಿದಿರುತ್ತದೆ. ನಮ್ಮ ಬಳಗದಲ್ಲಂತೂ ಮದುವೆಗಳನ್ನು ವಧೂವರರ ಹೆಸರಿನಿಂದ ಕರೆಯುವ ಪದ್ಧತಿಯೇ ಇಲ್ಲ. ಹಪ್ಪಳ ಮೆತ್ತಗಾದ ಮದುವೆ, ಒಬ್ಬಟ್ಟು ಸಾಲದೆ ಬಾಳೆಹಣ್ಣು ಬಡಿಸಿದ ಮದುವೆ, ಪಾಯಸಕ್ಕೆ ಉಪ್ಪು ಬಿದ್ದ ಮದುವೆ, ಹೀಗೇ ಗುರುತು. ಪಾಯಸಕ್ಕೆ ಉಪ್ಪು ಬಿದ್ದ ಮದುವೆಯ ಹುಡುಗ ಈಗ ಅಜ್ಜನಾಗಿದ್ದಾನೆ. ಮೊನ್ನೆ ಅವನ ಮೊಮ್ಮಗನ ನಾಮಕರಣದಲ್ಲಿ ಪಾಯಸದ ಪಾತ್ರೆ ಪಂಕ್ತಿಗೆ ಬಂದ ಕೂಡಲೇ ಮೂರು ಜನ ಅವನ ಮುಖ ನೋಡಿ ನಕ್ಕರು.

1974ರಲ್ಲಿ ಹಾಸನದ ಹತ್ತಿರದ ನಮ್ಮೂರಿನಲ್ಲಿ ಅಕ್ಕನ ಮದುವೆಯಾದಾಗ ಅಡಿಗೆಯವರನ್ನು ಆರಿಸುವ ಮಾತೇ ಇರಲಿಲ್ಲ. ಸುತ್ತಲ ಹತ್ತು ಊರಿಗೆ ಒಬ್ಬರೇ ಅಡಿಗೆ ಭಟ್ಟರು. ಮೊದಲು ಅವರಿಗೆ ಬಿಡುವಿದೆಯೇ ಕೇಳಿ, ಆಮೇಲೆ ಗ್ರಹಗಳಿಗೆ ಬಿಡುವಿದೆಯೇ ಅಂತ ಪಂಚಾಂಗ ತೆಗೆಯುತ್ತಿದ್ದರು ಎಂದರೂ ತಪ್ಪಿಲ್ಲ. ಅವರು ಒಂದು ತಿಂಗಳು ಮೊದಲೇ ಬಂದು ಜಗಲಿಯ ಮೇಲೆ ಕೂತು ಸಾಮಾನಿನ ಪಟ್ಟಿ ಹೇಳಿದರು, ನಾನು ಬರೆದುಕೊಂಡೆ. ಪಟ್ಟಿಯ ಮೊದಲ ಸಾಲು ಅರಿಶಿನ. ಮಂಗಳ ಕಾರ್ಯದ ಪಟ್ಟಿ ಅರಿಶಿನದಿಂದಲೇ ಶುರುವಾಗಬೇಕು. ಆಮೇಲೆ ಅಕ್ಕಿ, ಬೇಳೆ, ಬೆಲ್ಲ ಎಲ್ಲ ಸೇರು, ಪಾವು, ಚಟಾಕಿನಲ್ಲಿ. ಸಕ್ಕರೆಗೆ ಮಾತ್ರ ಲಗ್ನಪತ್ರಿಕೆ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಪರ್ಮಿಟ್ ತರಬೇಕಿತ್ತು. ಅಪ್ಪ ಮೂರು ಸಲ ಅಲೆದರು. ಸಾಮಾನು ನಮ್ಮದು, ಸೌದೆ ನಮ್ಮದು, ಎಲೆ ನಮ್ಮ ತೋಟದ್ದು, ತರಕಾರಿ ಹೆಚ್ಚುವವರು ಊರಿನವರು. ಭಟ್ಟರು ತರುತ್ತಿದ್ದುದು ಎರಡು ಝಾರಿ, ಒಂದು ಉದ್ದನೆಯ ಸಟ್ಟುಗ ಮತ್ತು ತಮ್ಮ ಕೈ. ಉಗ್ರಾಣದ ಬೀಗದ ಕೈ ಸೋದರಮಾವನ ಜನಿವಾರದಲ್ಲಿ.

ಆ ಭಟ್ಟರು ಅಪ್ಪನನ್ನು ಎಷ್ಟು ಜನ ಬರುತ್ತಾರೆ ಎಂದು ಕೇಳಲಿಲ್ಲ. “ಎಷ್ಟು ಒಲೆಗೆ ಹೇಳಿದ್ದೀರಿ?” ಅಂದರು. ಮನೆಮಂದಿಯೆಲ್ಲ ಬನ್ನಿ, ಒಲೆ ಹಚ್ಚಬೇಡಿ ಎಂದು ಕರೆದ ಮನೆಗಳೆಷ್ಟು, ಒಬ್ಬರಾದರೂ ಬಂದು ಹೋಗಿ ಎಂದ ಮನೆಗಳೆಷ್ಟು ಎಂಬುದು ಅವರ ಲೆಕ್ಕ. ನನಗಾಗ ಹದಿನಾಲ್ಕು ವರ್ಷ. ಆ ಪ್ರಶ್ನೆಯ ಬೆಲೆ ತಿಳಿಯಲು ಅರವತ್ತು ದಾಟಬೇಕಾಯಿತು.

ಈಗ ಬೆಂಗಳೂರಿನಲ್ಲಿ ಆಯ್ಕೆಯೇ ಆಯ್ಕೆ. ಭಾವ ಒಂದು ಪಟ್ಟಿ ತಂದರು, ಅದರಲ್ಲಿ ಹದಿನೇಳು ಹೆಸರು. ಮೊದಲು ಹೋದದ್ದು ಗಾಜಿನ ಬಾಗಿಲಿನ ಒಂದು ಆಫೀಸಿಗೆ. ಒಳಗೆ ಎಷ್ಟು ತಣ್ಣಗಿತ್ತೆಂದರೆ ಅಲ್ಲಿ ಯಾರೂ ಯಾವತ್ತೂ ಒಲೆಯ ಹತ್ತಿರ ನಿಂತವರಲ್ಲ ಎಂದು ನನಗೆ ಅನ್ನಿಸಿತು. ಕೋಟು ಹಾಕಿದ ಹುಡುಗ ಟ್ಯಾಬ್ ತಿರುಗಿಸಿ ತೋರಿಸಿದ. ಸಿಲ್ವರ್, ಗೋಲ್ಡ್, ಪ್ಲಾಟಿನಂ. ಸಿಲ್ವರ್‌ಗೆ 21 ಐಟಂ, ಗೋಲ್ಡ್‌ಗೆ 27, ಪ್ಲಾಟಿನಂಗೆ 34. ಬ್ಯಾಂಕಿನಲ್ಲಿ 31 ವರ್ಷ ಊರವರ ದುಡ್ಡು ಎಣಿಸಿದವನು ನಾನು, ಸುಮ್ಮನಿರಲಾಗದೆ ಐಟಂಗಳನ್ನೂ ಎಣಿಸಿದೆ. ಉಪ್ಪು ಒಂದು ಐಟಂ. ಉಪ್ಪಿನಕಾಯಿ ಇನ್ನೊಂದು. ನೀರಿನ ಬಾಟಲಿ ಮೂರನೆಯದು. ಬೀಡಾ, ಬಾಳೆಹಣ್ಣು, ಐಸ್‌ಕ್ರೀಮು ಒಂದೊಂದು. ಕಡಲೆಬೇಳೆ ಕೋಸಂಬರಿ, ಹೆಸರುಬೇಳೆ ಕೋಸಂಬರಿ ಎರಡು. ಹುಡುಗ ಗೋಲ್ಡ್ ಎಂದು ಮಾರುತ್ತಿದ್ದುದರಲ್ಲಿ ಕಾಲು ಭಾಗ ನಮ್ಮಜ್ಜಿ ಲೆಕ್ಕಕ್ಕೇ ಹಿಡಿಯದೆ ಬಡಿಸುತ್ತಿದ್ದದ್ದು.

“ಲೈವ್ ಕೌಂಟರ್ ಬೇಕಾ ಸಾರ್?” ಎಂದ. ಅದೇನೆಂದರೆ ಪಾನಿಪೂರಿಯವನು, ದೋಸೆಯವನು, ಜಿಲೇಬಿಯವನು ಜನರ ಎದುರಿಗೇ ನಿಂತು ಮಾಡಿಕೊಡುವುದು. ಅಂದರೆ ಮಿಕ್ಕ ಅಡಿಗೆಯೆಲ್ಲ ಜೀವ ಇಲ್ಲದ್ದೇ ಎಂದು ಕೇಳಬೇಕೆನಿಸಿತು, ಹೆಂಡತಿ ಮೊಣಕೈಯಲ್ಲಿ ತಿವಿದಳು. ಆಮೇಲೆ ರುಚಿ ನೋಡಲು ತಟ್ಟೆ ಬಂತು. ಹನ್ನೆರಡು ಪುಟ್ಟ ಬಟ್ಟಲು, ಹನ್ನೆರಡರಲ್ಲೂ ಒಳ್ಳೆಯ ರುಚಿ. ನಾನು ಒಪ್ಪಿಯೇ ಬಿಡುತ್ತಿದ್ದೆ. ಮೆಟ್ಟಿಲಿಳಿಯುವಾಗ ಹೆಂಡತಿ ಅಂದಳು, “ನಾಲ್ಕು ಜನಕ್ಕೆ ಇಷ್ಟು ಚೆನ್ನಾಗಿ ನಾನೂ ಮಾಡ್ತೀನಿ.”

ಎರಡನೆಯವರ ವಿಷಯ ಹೇಳುವುದು ಹೆಚ್ಚಿಲ್ಲ. ನಾವು ಏನು ಕೇಳಿದರೂ “ಆಗತ್ತೆ ಸಾರ್” ಅಂದರು. ನನ್ನ ಹೆಂಡತಿ ಪರೀಕ್ಷೆಗೆಂದು, ಎಂಟು ನೂರು ಜನಕ್ಕೂ ಬಿಸಿ ಬಿಸಿ ಪೂರಿ ಉಬ್ಬಿದಂತೆಯೇ ಎಲೆಗೆ ಬೀಳಬೇಕು ಅಂದಳು. ಅದೂ ಆಗತ್ತೆ ಅಂದರು. ಎದ್ದು ಬಂದೆವು.

ನನ್ನ ಜೊತೆ ಬ್ಯಾಂಕಿನಲ್ಲಿದ್ದ ಮಂಡ್ಯದ ಗೆಳೆಯನಿಗೆ ಫೋನಿನಲ್ಲಿ ಈ ಪಾಡು ಹೇಳಿಕೊಂಡೆ. ಅವನು ನಕ್ಕ. “ನಿಮ್ದೇನ್ ಬುಡಿ ಸಾ, ಅನ್ನ ಸಾರಲ್ಲಿ ಒಂಚೂರು ಹೆಚ್ಚುಕಮ್ಮಿ ಆದ್ರೂ ನೀರು ಹುಯ್ದು ತಳ್ಬೋದು. ನಮ್ಮಲ್ಲಿ ಬೀಗರ ಊಟ ಅಂದ್ರೆ ಕುರಿ ಲೆಕ್ಕ. ತಟ್ಟೇಲಿ ಮೂಳೆ ಜಾಸ್ತಿ ಬಿತ್ತು ಅಂತ ಹತ್ತು ವರ್ಸ ಮಾತು ಬುಟ್ಟೋರವ್ರೆ.” ಅವನ ಮಗನ ಮದುವೆಯ ಮಾರನೆಯ ದಿನದ ಬೀಗರ ಊಟಕ್ಕೆ ಅಡಿಗೆಯವನನ್ನು ಗೊತ್ತುಮಾಡಿದ್ದು ಅವನಲ್ಲವಂತೆ, ಅವನ ತಾಯಿ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ಮುದ್ದೆ ಕಟ್ಟೋರು ಎಷ್ಟು ಜನ ಕರ್ಕೊಂಡು ಬತ್ತೀಯಪ್ಪ?

ಅಡಿಗೆಯವರ ಮಾತು ಬಂದಾಗ ನಾವು ಸುಲಭವಾಗಿ ನಳಪಾಕ, ಭೀಮಪಾಕ ಅಂದುಬಿಡುತ್ತೇವೆ. ಭೀಮನನ್ನು ಕೆಲಸಕ್ಕೆ ತೆಗೆದುಕೊಂಡ ವಿರಾಟರಾಯನಷ್ಟು ಅದೃಷ್ಟವಂತ ಯಜಮಾನ ಇನ್ನೊಬ್ಬನಿಲ್ಲ. ವಲಲನೆಂಬ ಹೆಸರಿನಲ್ಲಿ ಸೌಟು ಹಿಡಿದು ಬಂದ ಭೀಮ, ಹಿಂದೆ ಧರ್ಮರಾಯನ ಅಡಿಗೆಮನೆಯಲ್ಲಿದ್ದೆ ಎಂದ. ವಿಚಾರಿಸಿ ನೋಡಬೇಕೆಂದರೆ ಧರ್ಮರಾಯನೇ ಕಂಕಭಟ್ಟನಾಗಿ ಪಕ್ಕದಲ್ಲಿ ಕೂತಿದ್ದ. ನಮಗೆ ಸಿಗುವ ಸಾಕ್ಷಿಗಳು ಅಂಥವರಲ್ಲ. ಕೋಟಿನ ಹುಡುಗ ಕೊಟ್ಟ ನಂಬರುಗಳಿಗೆ ಫೋನು ಮಾಡಿದರೆ ಎಲ್ಲರೂ ಒಂದೇ ಧಾಟಿಯಲ್ಲಿ “ಸೂಪರ್ ಸಾರ್” ಅಂದರು. ಅದರಲ್ಲೊಬ್ಬರ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

ನಳನ ಕಥೆಯಲ್ಲಿ ನನಗೆ ಈಗ ಮುಖ್ಯವಾಗಿ ಕಾಣುವವನು ನಳನೇ ಅಲ್ಲ. ರಾಜ್ಯ ಕಳೆದುಕೊಂಡ ನಳ ಬಾಹುಕನಾಗಿ ಅಯೋಧ್ಯೆಯ ದೊರೆ ಋತುಪರ್ಣನ ಆಶ್ರಯದಲ್ಲಿದ್ದಾನೆ. ಇಬ್ಬರೂ ರಥದಲ್ಲಿ ವಿದರ್ಭಕ್ಕೆ ಹೊರಟಾಗ ದಾರಿಯಲ್ಲೊಂದು ತಾರೆ ಮರ. ಋತುಪರ್ಣ ಓಡುವ ರಥದಿಂದಲೇ ಅದನ್ನೊಮ್ಮೆ ನೋಡಿ, ಎರಡು ಕೊಂಬೆಗಳಲ್ಲಿ ಇಷ್ಟು ಎಲೆ, 2095 ಹಣ್ಣು ಎಂದುಬಿಟ್ಟ. ನಳ ನಂಬಲಿಲ್ಲ. ಹೊತ್ತಾಗುತ್ತದೆ ಎಂದರೂ ಕೇಳದೆ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿದ. ಸರಿಯಾಗಿತ್ತು. ತನ್ನ ಕುದುರೆಯ ವಿದ್ಯೆ ಕೊಟ್ಟು ಆ ಎಣಿಕೆಯ ವಿದ್ಯೆ ಪಡೆದುಕೊಂಡ. ನಳನಿಗೆ ಪಾಕ ಮೊದಲೇ ಗೊತ್ತಿತ್ತು, ದಮಯಂತಿ ಅವನ ಗುರುತು ಹಿಡಿದದ್ದು ಅವನು ಮಾಡಿದ ಅಡಿಗೆಯ ರುಚಿಯಿಂದಲೂ ಹೌದು. ಗೊತ್ತಿಲ್ಲದೇ ಇದ್ದದ್ದು ಎಲೆ ಲೆಕ್ಕ. ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂದು ಅಡಿಗೆಯ ಮೇಲೇ ಒಂದು ಕಾವ್ಯ ಬರೆದ. ಹೇಗೆ ಬೇಯಿಸಬೇಕು, ಹೇಗೆ ಒಗ್ಗರಿಸಬೇಕು ಎಂಬ ಶಾಸ್ತ್ರ ನಮಗೆ ಐನೂರು ವರ್ಷದಿಂದ ಬರಹದಲ್ಲಿದೆ. ಭಾನುವಾರದ ಮದುವೆಗೆ ಎಷ್ಟು ಜನ ಉಣ್ಣಲು ಬರುತ್ತಾರೆ ಎಂಬ ಶಾಸ್ತ್ರವನ್ನು ಬರೆದವರಿಲ್ಲ.

ಬರೆಯದ್ದರ ಫಲ ಕಣ್ಣಿಗೆ ಕಾಣುವಂತಿದೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ನಗರದ ಕಲ್ಯಾಣ ಮಂಟಪಗಳನ್ನು ಸುತ್ತಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ವ್ಯರ್ಥವಾಗುತ್ತಿದೆ ಎಂದು ಅಂದಾಜು ಮಾಡಿದ್ದರು. ಆ ಸುದ್ದಿಯ ತುಣುಕನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೆ. ಹೆಂಡತಿಗೆ ತೋರಿಸಿದರೆ, “ಸಾಲದೆ ಹೋದದ್ದು ಎಷ್ಟು ಟನ್ ಅಂತ ಬರೆದಿಲ್ಲವಾ?” ಅಂದಳು. ಅವಳಿಗೆ ಚೆಲ್ಲುವುದಕ್ಕಿಂತ ಸಾಲದಿರುವುದರ ಭಯ ದೊಡ್ಡದು. ಅವಳ ಲೆಕ್ಕ 800 ಎಲೆ. ನನ್ನದು 700.

ಕೊನೆಗೆ ದಾರಿ ತೋರಿಸಿದ್ದು ನನ್ನ ಸೋದರತ್ತೆ. ವಯಸ್ಸು 84, ಹಲ್ಲು ಒಂದೂ ಇಲ್ಲ, ನಾಲಗೆ ಮಾತ್ರ ಎರಡೂ ಅರ್ಥದಲ್ಲಿ ಚುರುಕು. “ಅಲ್ಲ ಕಣೋ, ಅಡಿಗೆಯವರನ್ನ ನೋಡಕ್ಕೆ ಹೋಗಿ ಸಿಹಿ ತಿಂದು ಬಂದ್ಯಾ? ತುಪ್ಪ ಸಕ್ಕರೆ ಸುರಿದರೆ ಕಲ್ಲೂ ರುಚಿಯಾಗತ್ತೆ. ಸಾರು ಕುಡಿದು ನೋಡು. ಅದನ್ನೂ ಬಿಸೀಲಿ ಅಲ್ಲ, ಬಿಸೀಲಿ ಎಲ್ಲರ ಸಾರೂ ಒಂದೇ. ದೊನ್ನೇಲಿ ಹಾಕಿಸ್ಕೊಂಡು ಆರಕ್ಕೆ ಬಿಡು. ಆರಿದ ಮೇಲೂ ಗಂಟಲಲ್ಲಿ ಇಳೀಬೇಕು ಅನ್ಸಿದ್ರೆ ಆತ ಅಡಿಗೆಯವನು.” ಹೀಗೆಂದು ಒಬ್ಬರ ವಿಳಾಸ ಕೊಟ್ಟರು. ವಿಳಾಸವೆಂದರೆ ಗಾಂಧಿ ಬಜಾರಿನ ಹೂವಿನಂಗಡಿಯ ಸಾಲು, ಅಲ್ಲಿಂದೊಂದು ಓಣಿ, ಓಣಿಯಲ್ಲಿ ಹಿತ್ತಾಳೆ ಕೊಳಗಗಳನ್ನು ಬೋರಲು ಹಾಕಿದ ಮನೆ.

ಈ ಭಟ್ಟರು ಕುಂದಾಪುರದ ಕಡೆಯವರು. ಹದಿನಾರನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರುಬ್ಬುವ ಕಲ್ಲಿನ ಹತ್ತಿರ ಐದು ವರ್ಷ ಕೂತು, ಆಮೇಲೆ ಒಲೆಯ ಹತ್ತಿರ ನಿಂತವರು. ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ನಾನು ಮೆನು ಕಾರ್ಡು ಕೇಳಿದೆ. ಇಲ್ಲ ಅಂದರು. ಮೇಜಿನ ಮೇಲೆ ಒಂದು ಡೈರಿ, ಒಂದು ಪಂಚಾಂಗ.

“ಪತ್ರಿಕೆ ಎಷ್ಟು ಹಾಕಿಸ್ತೀರಿ?”

“ನಾನೂರು.”

“ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯೋದೆಷ್ಟು? ಆಫೀಸಲ್ಲಿ ಕೊಡೋದೆಷ್ಟು? ಮೊಬೈಲಲ್ಲಿ ಕಳಿಸೋದೆಷ್ಟು?”

ಇಷ್ಟು ವಿವರವಾಗಿ ನಾವೇ ಯೋಚಿಸಿರಲಿಲ್ಲ. ಕೂತು ಲೆಕ್ಕ ಹಾಕಿ 160, 60, 180 ಎಂದೆವು. ಭಟ್ಟರು ಪೆನ್ಸಿಲು ತೆಗೆದರು. ಮನೆಗೆ ಹೋಗಿ ಕರೆದ ಪತ್ರಿಕೆಗೆ ಎರಡೂವರೆ ಎಲೆಯಂತೆ 400. ಆಫೀಸಿನದು ಒಂದಕ್ಕೆ ಒಂದು, 60. ಮೊಬೈಲಿನಲ್ಲಿ ಹೋದದ್ದು ನಾಲ್ಕಕ್ಕೆ ಒಂದು, 45. ಬೀಗರ ಕಡೆಯಿಂದ 120. ಒಟ್ಟು 625. ಆಮೇಲೆ ಪಂಚಾಂಗ ತೆಗೆದು ನಾವು ಆರಿಸಿದ್ದ ದಿನ ನೋಡಿ, “ಅವತ್ತು ಒಳ್ಳೆ ಮುಹೂರ್ತ ಮಾರಾಯ್ರೆ, ಊರೆಲ್ಲ ಮದುವೆ. ಒಬ್ಬೊಬ್ಬರಿಗೂ ಮೂರು ಮೂರು ಕಡೆ ಕರೆ. ಅಕ್ಷತೆ ಎಲ್ಲ ಕಡೆ ಹಾಕಬಹುದು, ಊಟ ಒಂದೇ ಕಡೆ. ನೂರು ಕಳೀರಿ” ಅಂದರು. ಮುಹೂರ್ತ ಹನ್ನೊಂದೂವರೆಗೆ ಎಂದು ತಿಳಿದಾಗ, ಹಾಗಾದರೆ ಬಂದವರು ಉಣ್ಣದೆ ಹೋಗುವುದಿಲ್ಲ ಎಂದು ಎಂಬತ್ತು ಕೂಡಿಸಿದರು. ಅಷ್ಟರಲ್ಲಿ ಸಿಕ್ಕಿದ್ದ ಛತ್ರದ ಎದುರು ಮೆಟ್ರೋ ನಿಲ್ದಾಣ ಇದೆ ಎಂದಾಗ ಇನ್ನೂ ಹದಿನೈದು. “ಗಾಡಿ ನಿಲ್ಲಿಸೋ ಜಾಗ ಇಲ್ಲಾಂತ ವಾಪಸು ಹೋಗ್ತಿದ್ದವರು ಈಗ ಮೆಟ್ರೋದಲ್ಲಿ ಬರ್ತಾರೆ.” ಅಡಿಯಲ್ಲಿ ಗೆರೆ ಎಳೆದು 620 ಎಂದು ಬರೆದರು.

ನಾನು ಹೆಂಡತಿಯ ಮುಖ ನೋಡಿದೆ. ತಾರೆ ಮರದ ಕೆಳಗೆ ನಿಂತ ನಳನ ಮುಖ ಹಾಗೇ ಇದ್ದಿರಬೇಕು.

2020ರಲ್ಲಿ ಕೊರೊನಾ ಬಂದು ಮದುವೆಗೆ 50 ಜನ ಮಾತ್ರ ಎಂದು ಆದೇಶವಾದ ಕಾಲವನ್ನು ಭಟ್ಟರು ನೆನೆಸಿಕೊಂಡರು. ಅವರ ಜೀವಮಾನದಲ್ಲಿ ಎಲೆ ಲೆಕ್ಕವನ್ನು ಸರ್ಕಾರವೇ ಹಾಕಿಕೊಟ್ಟದ್ದು ಅದೊಂದೇ ಸಲ. ಸಂತೋಷವಾಗಬೇಕಿತ್ತು. ಆದರೆ ಐವತ್ತು ಜನಕ್ಕೆ ಅಡಿಗೆ ಮಾಡಲು ಕೂತರೆ ಅವರಿಗೆ ಉಪ್ಪಿನ ಅಂದಾಜೇ ಸಿಗಲಿಲ್ಲವಂತೆ. “ಆರು ಜನಕ್ಕೆ ಒಂದು ಚಮಚ ಅಂದ್ರೆ ಆರುನೂರು ಜನಕ್ಕೆ ನೂರು ಚಮಚ ಅಂತ ನೀವು ಬ್ಯಾಂಕಿನವರು ಹೇಳ್ಬಹುದು. ಉಪ್ಪು, ಖಾರ ಮಗ್ಗಿ ಕೇಳೋದಿಲ್ಲ. ಕೊಪ್ಪರಿಗೆ ದೊಡ್ಡದಾದ ಹಾಗೆ ಅದರ ಲೆಕ್ಕವೇ ಬೇರೆ. ಕೆಳಗಿಳಿಯುವಾಗಲೂ ಹಾಗೇ.” ಆ ವರ್ಷ ಅವರ ಹುಡುಗರಲ್ಲಿ ಅರ್ಧ ಜನ ಊರಿಗೆ ಹೋದವರು ತಿರುಗಿ ಬರಲಿಲ್ಲ. ಇದನ್ನು ಹೇಳುವಾಗ ಡೈರಿಯ ಹಾಳೆ ಸುಮ್ಮನೆ ಮಗುಚುತ್ತಿದ್ದರು.

ರುಚಿ ನೋಡಬೇಕಲ್ಲ ಎಂದೆ. ಬರುವ ಭಾನುವಾರ ಬನಶಂಕರಿ ಕಡೆಯ ಒಂದು ಛತ್ರದಲ್ಲಿ ನಮ್ಮ ಅಡಿಗೆ ಇದೆ, ಬನ್ನಿ ಅಂದರು. “ಮೊದಲನೇ ಪಂಕ್ತಿಗೆ ಬರಬೇಡಿ. ಎರಡೂವರೆಗೆ ಬನ್ನಿ, ಕೊನೇ ಪಂಕ್ತಿಗೆ.”

ಗುರುತಿಲ್ಲದವರ ಮದುವೆಗೆ ಹೋಗಿ ಉಣ್ಣುವುದೆಂದರೆ ಹೇಗಿರುತ್ತದೆ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ಹೆಂಡತಿ ರೇಷ್ಮೆ ಸೀರೆ ಉಟ್ಟಳು. ನಾನು ಬೇಡವೆಂದೆ. “ಹತ್ತಿ ಸೀರೆ ಉಟ್ಕೊಂಡು ಹೋದ್ರೆ ಕರೆಯದೆ ಬಂದವರು ಅಂತ ಗೊತ್ತಾಗಲ್ವಾ?” ಅಂದಳು. ಬಾಗಿಲಲ್ಲಿ ಒಂದು ಮಗು ಪನ್ನೀರು ಎರಚಿತು, ಇನ್ನೊಂದು ಮಗು ಕಲ್ಲುಸಕ್ಕರೆ ಕೊಟ್ಟಿತು. ಎರಡನ್ನೂ ಕಳ್ಳನಂತೆ ಸ್ವೀಕರಿಸಿದೆ. ಒಳಗೆ ಜರಿಪೇಟದ ಹಿರಿಯರೊಬ್ಬರು ಎರಡೂ ಕೈ ಹಿಡಿದುಕೊಂಡು, “ಇಷ್ಟು ಹೊತ್ತಿಗಾ ಬರೋದು? ಅಣ್ಣ ಬರಲಿಲ್ವಾ?” ಎಂದರು. ಯಾವ ಅಣ್ಣನೋ, ನನಗೆ ಅಣ್ಣನೇ ಇಲ್ಲ. “ಸ್ವಲ್ಪ ಹುಷಾರಿಲ್ಲ” ಅಂದುಬಿಟ್ಟೆ. ಅವರ ಮುಖ ಬಾಡಿತು. ಇಡೀ ದಿನದಲ್ಲಿ ನಾನು ಮಾಡಿದ ಪಾಪ ಅದೊಂದೇ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಊಟದ ಹಾಲಿನಲ್ಲಿ ಹೆಂಡತಿ ಪಿಸುಗುಟ್ಟಿದಳು, “ರೀ, ನಮ್ಮಿಬ್ಬರ ಎಲೆ ಯಾರ ಲೆಕ್ಕಕ್ಕೆ ಹೋಗತ್ತೆ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಭಟ್ಟರು ಎಲೆಗೆ ಇಷ್ಟೆಂದು ದುಡ್ಡು ತೆಗೆದುಕೊಳ್ಳುವವರು. ನಾವು ಕೂತರೆ ಎರಡು ಎಲೆ. ಆ ಎರಡು ಎಲೆಗೆ ಪನ್ನೀರು ಹಾಕಿಸಿದ, ಕೈ ಹಿಡಿದುಕೊಂಡ, ಅಣ್ಣನಿಗಾಗಿ ಮರುಗಿದ ಆ ಹಿರಿಯರು ದುಡ್ಡು ಕೊಡಬೇಕೆ? ಹೆಂಡತಿ ಚೀಲದಿಂದ ಕವರು ತೆಗೆದು 201 ರೂಪಾಯಿ ಹಾಕಿ, ಹೆಸರು ಬರೆಯದೆ, ಓಡುವಂತೆ ಹೋಗಿ ಮುಯ್ಯಿ ಬರೆಯುವವರ ಮೇಜಿನ ಮೇಲಿಟ್ಟು ಬಂದಳು. ಅಷ್ಟರಮೇಲೆ ಕೂತೆವು.

ಕೊನೇ ಪಂಕ್ತಿಯ ದುಃಖ ನನಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯ ಓಡಾಟಕ್ಕೆಂದು ನಿಂತು ಕೊನೆಗೆ ಉಣ್ಣಲು ಕೂತಾಗ, ಬಡಿಸುವ ಹುಡುಗ ಚಿತ್ರಾನ್ನ ಹಾಕಿ, ಮೊಸರನ್ನ ಹಾಕಿ ಎದುರಿನ ಮೇಜಿನ ಕಾಗದ ಸುತ್ತತೊಡಗಿದ್ದ. ಪಲ್ಯ ಎಂದರೆ ಆಯ್ತು, ಹುಳಿ ಎಂದರೆ ಆಯ್ತು. ಕಾಗದ ಸುತ್ತುತ್ತ ನನ್ನ ಎಲೆಯವರೆಗೆ ಬಂದು ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ಇಲ್ಲಿ ಹಾಗಿರಲಿಲ್ಲ. ಎಲೆಯ ತುದಿ ಎಡಕ್ಕಿತ್ತು, ಉಪ್ಪು ತನ್ನ ಜಾಗದಲ್ಲಿತ್ತು. ಕೋಸಂಬರಿ ನೀರು ಬಿಟ್ಟಿರಲಿಲ್ಲ, ಅಂದರೆ ಉಪ್ಪು ಆಗಷ್ಟೇ ಬೆರೆಸಿದ್ದು. ಆಂಬೊಡೆ ಮುರಿದರೆ ಸದ್ದಾಯಿತು. ಬಡಿಸುವ ಹುಡುಗ ಅನ್ನ ಹಾಕಿ, ನಾನು ಅದನ್ನು ಗುಂಡಿ ಮಾಡುವವರೆಗೆ ಕಾದು ಹುಳಿ ಹಾಕಿದ. ಈ ಕಾಯುವುದನ್ನು ಯಾವ ಪ್ಲಾಟಿನಂ ಪಟ್ಟಿಯಲ್ಲೂ ಐಟಂ ಎಂದು ಬರೆದಿರುವುದಿಲ್ಲ. ಮೈಸೂರು ಪಾಕು ಅರ್ಧ ತುಂಡಲ್ಲ, ಇಡೀ ತುಂಡು. ಸಾರನ್ನು ದೊನ್ನೆಗೆ ಹಾಕಿಸಿಕೊಂಡು ಅತ್ತೆ ಹೇಳಿದಂತೆ ಆರಲು ಬಿಟ್ಟೆ. ಪಕ್ಕದಲ್ಲಿ ಕೂತವರು, “ಸಾರು ಚೆನ್ನಾಗಿಲ್ವಾ?” ಎಂದು ವಿಚಾರಿಸಿದರು. ಆರಿದ ಮೇಲೆ ಕುಡಿದೆ. ಇನ್ನೊಂದು ದೊನ್ನೆ ಕೇಳಿದೆ.

ಅಡಿಗೆಮನೆಯಲ್ಲಿ ಭಟ್ಟರು ಬೆವರು ಒರೆಸಿಕೊಳ್ಳುತ್ತಿದ್ದರು. ಕೊನೆಯವರೆಗೂ ಹೇಗೆ ಉಳಿಸಿದಿರಿ ಎಂದರೆ ಮೂಲೆಯ ಬೀರು ತೋರಿಸಿದರು. ಮೊದಲನೆಯ ಎಲೆಗೆ ಬಡಿಸುವ ಮೊದಲೇ ಕೊನೇ ಪಂಕ್ತಿಯ ಸಿಹಿ, ಹಪ್ಪಳ, ತುಪ್ಪ ತೆಗೆದು ಅದರಲ್ಲಿಟ್ಟು ಬೀಗ ಹಾಕುತ್ತಾರೆ. ಬೀಗದ ಕೈ ಎಲ್ಲಿ ಎಂದು ನಾನು ಕೇಳಲಿಲ್ಲ. ಜನಿವಾರದಲ್ಲಿ ಕಾಣುತ್ತಿತ್ತು.

ಎಲೆಗೆ 420 ರೂಪಾಯಿ, ಕಡಿಮೆಯೆಂದರೆ 600 ಎಲೆ, ಅದರ ಮೇಲೆ ಬಂದಷ್ಟಕ್ಕೆ ಲೆಕ್ಕ ಎಂದು ಮಾತಾಯಿತು. ಇನ್ನು ಮೆನು. ಇದು ಸಲೀಸು ಎಂದು ತಿಳಿದಿದ್ದೆವು. ಬೀಗರು ಧಾರವಾಡದವರು ಎಂಬುದು ನಮಗೆ ಅಲ್ಲಿಯವರೆಗೆ ಭೂಗೋಳದ ಸಂಗತಿಯಾಗಿತ್ತು, ಅಡಿಗೆಯ ಸಂಗತಿಯಾಗಿದ್ದು ಬೀಗಿತ್ತಿಯ ಫೋನು ಬಂದ ಮೇಲೆ.

“ಹಂಗೇನಿಲ್ರೀ, ನೀವ್ ಏನ್ ಮಾಡಿಸಿದ್ರೂ ನಡೀತದ” ಎಂದು ಶುರು ಮಾಡಿದರು. “ಆದ್ರ ಕೊಬ್ಬರಿ ಎಣ್ಣಿ ಒಂದು ಬ್ಯಾಡ್ರಿ. ನಮ್ಮ ಮಂದಿ ಅದನ್ನ ತಲಿಗೆ ಹಚ್ಕೋತಾರ. ಹೋಳಗಿ ಇರ್ತದಲ್ರೀ?”

“ಇರುತ್ತೆ. ನಮ್ಮ ಕಡೆ ಒಬ್ಬಟ್ಟು ಅಂತೀವಿ.”

“ಯಾವ ಬ್ಯಾಳೀದು?”

“ತೊಗರಿಬೇಳೆದು.”

ಆ ಕಡೆ ಫೋನು ಕಟ್ಟಾಯಿತೇನೋ ಎಂದುಕೊಳ್ಳುವಷ್ಟು ಹೊತ್ತು ಮೌನ. “ನಮ್ಮಲ್ಲಿ ಕಡ್ಲಿಬ್ಯಾಳೀದು ಮಾಡ್ತೀವ್ರಿ. ಇರ್ಲಿ ಬಿಡ್ರಿ, ನಿಮ್ಮ ಪದ್ಧತಿ ಹೆಂಗದನೋ ಹಂಗ.” ಆ ‘ಇರ್ಲಿ ಬಿಡ್ರಿ’ ಎಂಬುದು ಮುಂದೆ ನಲವತ್ತು ವರ್ಷ ನಡೆಯಬಹುದಾದ ಮಾತು ಎಂದು ನನ್ನ ಹೆಂಡತಿಗೆ ತಕ್ಷಣ ತಿಳಿಯಿತು. ಅವಳೂ ಬಿಡಲಿಲ್ಲ, ಎರಡು ಮೂರು ದಿನ ಊಟಕ್ಕೆ ಕೂತಾಗಲೆಲ್ಲ ತೊಗರಿಬೇಳೆಯ ಹಿರಿಮೆಯನ್ನು ಹೇಳಿದಳು. ಮಗಳು ಮಾತ್ರ, “ಅಮ್ಮ, ಅವರ ಮನೇಲಿ ನಾನು ತಿಂದಿದ್ದೀನಿ, ಚೆನ್ನಾಗಿರತ್ತೆ” ಎಂದು ಯಾವಾಗ ತಿಂದೆ ಎಂಬ ಹೊಸ ವಿಚಾರಣೆಗೆ ದಾರಿ ಮಾಡಿಕೊಟ್ಟಳು. ಭಟ್ಟರು ಈ ಯುದ್ಧವನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಎರಡೂ ಬೇಳೆ ಅರ್ಧರ್ಧ, ಇಬ್ಬರಿಗೂ ನಿಮ್ಮದೇ ಬೇಳೆ ಎಂದು ಹೇಳುವುದು. ಹೂರಣಕ್ಕೆ ಬಾಯಿಯಿಲ್ಲ. ಹಿಂದಿನ ಸಂಜೆ ದಿಬ್ಬಣ ಬಂದಿಳಿದಾಗ ಗಿರ್ಮಿಟ್, ಮಿರ್ಚಿ ಭಜಿ ಇರಲಿ ಎಂದೂ ಅವರೇ ಸೇರಿಸಿದರು. ಚುರುಮುರಿಯನ್ನು ಹುಬ್ಬಳ್ಳಿಯಿಂದಲೇ ತರಿಸಿದರು. ಬಸ್ಸಿನಿಂದ ಇಳಿದ ಬೀಗಿತ್ತಿ ತಟ್ಟೆ ನೋಡಿ, “ಅಯ್ಯ, ಗಿರಮಿಟ್ಟ!” ಎಂದು ಉದ್ಗರಿಸಿದರು ನೋಡಿ, ನನ್ನ ಮಗಳ ಸಂಸಾರ ಅರ್ಧ ಅಲ್ಲೇ ಭದ್ರವಾಯಿತು.

ಮದುವೆಯ ದಿನದ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಧಾರೆಯೆರೆಯುವಾಗ ಕೈ ನಡುಗಿತು. ಹೊಗೆಗೋ ಯಾವುದಕ್ಕೋ ಕಣ್ಣು ಉರಿಯಿತು. ಹನ್ನೆರಡೂವರೆಗೆ ಪಂಕ್ತಿ ಶುರುವಾಯಿತು. ಭಾವ ಯಾರನ್ನೂ ನಂಬದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪ್ರತಿ ಪಂಕ್ತಿಗೂ ಎಲೆ ಎಣಿಸಿ ಕೈಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೂವರೆಗೆ ಮೆಟ್ರೋ ನಿಲ್ದಾಣದ ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಜನ ಒಟ್ಟಾಗಿ ನಡೆದು ಬಂದರು. ಎಲ್ಲ ನಮ್ಮ ನಿವೃತ್ತರ ಸಂಘದವರು. ನಾನು ಪತ್ರಿಕೆಯೊಂದನ್ನು ಸಂಘದ ಬೋರ್ಡಿಗೆ ಅಂಟಿಸಿದ್ದು ಆಗ ನೆನಪಾಯಿತು. ಮನೆ, ಆಫೀಸು, ಮೊಬೈಲು ಮೂರರಲ್ಲೂ ಸೇರದ ಆ ಒಂದು ಪತ್ರಿಕೆಯ ವಿಷಯ ನಾನು ಭಟ್ಟರಿಗೆ ಹೇಳಿರಲಿಲ್ಲ. ಓಡಿ ಹೋಗಿ ಹೇಳಿದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ, ಬ್ಯಾಂಕಿನವರು ಎಂಬ ಒಂದು ಪದವಿತ್ತು. ಹುಡುಗನೊಬ್ಬನಿಗೆ ಕಣ್ಸನ್ನೆ ಮಾಡಿದರು. ಪಕ್ಕದ ಒಲೆ ಹೊತ್ತಿತು, ಅಕ್ಕಿ ಬಿತ್ತು.

ಕೊನೇ ಪಂಕ್ತಿಗೆ ಕೂತಾಗ ಮೂರು ಗಂಟೆ. ನನ್ನ ಸಾಲಿನಲ್ಲಿ ಛತ್ರದ ಮ್ಯಾನೇಜರು, ಓಲಗದವರು, ಹೂವಿನವರು, ಮನೆಯವರು. ಅಚ್ಚುಕಟ್ಟಾದ ಒಬ್ಬಟ್ಟು, ಇಡಿಯದು, ಎಲೆಗೆ ಬಿತ್ತು. ಬೀರುವಿನಿಂದ ಬಂದದ್ದು. ಎದುರು ಸಾಲಿನ ತುದಿಯಲ್ಲಿ, ಕಂಬದ ಪಕ್ಕ, ನಡುವಯಸ್ಸಿನ ಗಂಡ ಹೆಂಡತಿ ಕೂತಿದ್ದರು. ರೇಷ್ಮೆ ಸೀರೆ, ಇಸ್ತ್ರಿ ಮಾಡಿದ ಅಂಗಿ. ಬೀಗರ ಕಡೆಯವರಿರಬೇಕೆಂದುಕೊಂಡು ನಾನು ಕೈಮುಗಿದು, “ನಿಧಾನವಾಗಿ ಊಟ ಮಾಡಿ” ಎಂದೆ. ಆ ಮನುಷ್ಯ ಗಾಬರಿಯಾಗಿ ಎದ್ದೇ ನಿಂತ.

ನಾಲ್ಕೂವರೆಗೆ ಉಗ್ರಾಣದಲ್ಲಿ ಲೆಕ್ಕಕ್ಕೆ ಕೂತೆವು. ಭಾವ ಕೈಚೀಟಿ ಬಿಡಿಸಿದರು. ಏಳು ಪಂಕ್ತಿ ಸೇರಿ 643. ಅವರಿಗೆ ತಮ್ಮ ಎಣಿಕೆಯ ಬಗ್ಗೆ ಹೆಮ್ಮೆಯಿತ್ತು, ಉಳಿದ ಎಲೆಯ ಕಟ್ಟುಗಳನ್ನೂ ಎಣಿಸಿ ತಾಳೆ ನೋಡಿದ್ದರು. ಭಟ್ಟರು ಡೈರಿ ತೆಗೆದು ಬರೆದದ್ದು 641. ಭಾವ ಕನ್ನಡಕ ಸರಿಮಾಡಿಕೊಂಡು, ನಮ್ಮ ಕಡೆಯೇ ನಷ್ಟವಾಗುವಂತೆ, “ಎರಡು ಬಿಟ್ಟುಹೋಗಿದೆ ಭಟ್ಟರೇ, ಮತ್ತೆ ನೋಡಿ” ಎಂದರು.

“ಬಿಟ್ಟಿಲ್ಲ. ಆ ಎರಡು ಎಲೆ ನನ್ನ ಲೆಕ್ಕ. ಕಂಬದ ಪಕ್ಕ ಕೂತಿದ್ರಲ್ಲ, ಮೇ ತಿಂಗಳಲ್ಲಿ ಅವರ ಮಗನ ಮದುವೆ.”

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಬನಶಂಕರಿಯ ಆ ಹಿರಿಯರು ನೆನಪಾಗಿ ನನಗೆ ಎದೆ ಹಗುರವಾಯಿತು. ಒಪ್ಪಿದರೇ ಎಂದು ಭಟ್ಟರನ್ನು ಕೇಳಿದೆ.

“ಇನ್ನೂ ಏನೂ ಹೇಳಿಲ್ಲ” ಎಂದರು ಭಟ್ಟರು, ಡೈರಿ ಮಡಿಸುತ್ತ. “ನಾನು ಬರುವಾಗ ಸಾರಿನ ದೊನ್ನೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆರಲಿ ಅಂತ ಕಾಯ್ತಿದ್ರು ಅನ್ಸತ್ತೆ.”